ತಪ್ಪು ಹೆಸರಿನ ಅಕ್ಷರ

ತಪ್ಪೆಂದು ಎಲ್ಲರೂ ಒಪ್ಪಿದ ಮೇಲೂ ಒಂದು ತಪ್ಪನ್ನು ತಿದ್ದದೆ ಬಿಡುವುದು ನ್ಯಾಯವೇ? ಕಚೇರಿಯಲ್ಲಿ ಕಾಗದಪತ್ರಗಳ ನಡುವೆಯೇ ದಿನ ಕಳೆಯುವ ನನ್ನಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಕೇಂದ್ರ ಸರ್ಕಾರದ ನೌಕರನು ಸರ್ವಿಸ್ ಬುಕ್ಕಿನಲ್ಲಿರುವ ತನ್ನ ಜನ್ಮದಿನಾಂಕ ತಪ್ಪೆಂದು ಹೇಳುವುದಾದರೆ ಸೇವೆಗೆ ಸೇರಿದ ಐದು ವರ್ಷಗಳೊಳಗೆ ಹೇಳಬೇಕು. ಆಮೇಲೆ ತಾಯಿಯೇ ಬಂದು ಸಾಕ್ಷಿ ನುಡಿದರೂ ನಿಯಮ ಕಿವಿಗೊಡುವುದಿಲ್ಲ.

ನಮ್ಮ ಲಿಪಿಯ ಒಂದು ಅಕ್ಷರಕ್ಕೂ ಇಂಥದೇ ಗತಿ ಬಂದಿದೆ. ಹಳಗನ್ನಡದ ಶಾಸನಗಳಲ್ಲಿ, ಕಾವ್ಯಗಳಲ್ಲಿ ಬರುವ 'ೞ' ಎಂಬ ಅಕ್ಷರವನ್ನು ವಾಚಕರಲ್ಲಿ ಕೆಲವರಾದರೂ ಶಾಲೆಯಲ್ಲಿ ಕಂಡಿರಬಹುದು. ವ್ಯಾಕರಣಕಾರರು ಅದನ್ನು 'ರಳ' ಎಂದರು. ಅಂದಿನ ಮೞೆ, ಕೋೞಿ, ಏೞು ಇಂದಿನ ಮಳೆ, ಕೋಳಿ, ಏಳು ಆಗಿವೆ. ಸಿಕಂದರಾಬಾದಿನ ನಮಗೆ ಇದನ್ನು ತಿಳಿಯಲು ಪುಸ್ತಕವೇ ಬೇಕಿಲ್ಲ. ನೆರೆಮನೆಯ ತಮಿಳರು 'ಮಳೈ', 'ಕೋಳಿ' ಎನ್ನುವಾಗ ನಾಲಗೆಯನ್ನು ಮಡಿಸಿ ನುಡಿಯುವ ಧ್ವನಿ ಅದೇ. ತೆಲುಗರ ಬಾಯಲ್ಲಿ ಅದು ಡಕಾರವಾಗಿ ಕೋಳಿ 'ಕೋಡಿ' ಆಯಿತು, ಏಳು 'ಏಡು' ಆಯಿತು. ನಮ್ಮಲ್ಲಿ ಸತ್ತ ಅಕ್ಷರ ಹೀಗೆ ಅಕ್ಕಪಕ್ಕದ ಮನೆಗಳಲ್ಲಿ ಬಾಳುತ್ತಿದೆ.

ಕಂಪ್ಯೂಟರಿಗಾಗಿ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿಯ ಮೊದಲ ಆವೃತ್ತಿ 1991ರಲ್ಲಿ ಬಂದಿತು. ಅದರಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ, ಇಂಗ್ಲಿಷಿನಲ್ಲಿ ಒಂದು ಅಧಿಕೃತ ಹೆಸರು. ನಮ್ಮ 'ೞ'ಕ್ಕೆ ಸಿಕ್ಕ ಸಂಖ್ಯೆ 3294. ಸಿಕ್ಕ ಹೆಸರು 'ಕನ್ನಡ ಲೆಟರ್ ಫಾ'! ಫಕಾರಕ್ಕೂ ಇದಕ್ಕೂ ಏನು ನಂಟು? ಹೆಸರು ತಪ್ಪೆಂದು ಆ ಪಟ್ಟಿಯವರೇ ಪಕ್ಕದಲ್ಲಿ ಷರಾ ಬರೆದಿದ್ದಾರೆ, ಸರಿಯಾದ ಹೆಸರನ್ನೂ ಉಪನಾಮವಾಗಿ ಸೇರಿಸಿದ್ದಾರೆ. ಮೂಲ ಹೆಸರನ್ನು ಮಾತ್ರ ತೆಗೆದಿಲ್ಲ, ತೆಗೆಯುವುದೂ ಇಲ್ಲ.

ಇದು ಬರಿಯ ಹಟವಲ್ಲ. 1996ರ ಎರಡನೆಯ ಆವೃತ್ತಿಯಲ್ಲಿ ಕೊರಿಯನ್ ಭಾಷೆಯ ಸಾವಿರಾರು ಅಕ್ಷರಗಳನ್ನು ಹಳೆಯ ಜಾಗದಿಂದ ಎತ್ತಿ ಬೇರೆ ಜಾಗಕ್ಕೆ ಹಾಕಿದರು. ವ್ಯವಸ್ಥೆ ಅಚ್ಚುಕಟ್ಟಾಯಿತು, ಆದರೆ ಹಳೆಯ ಸಂಖ್ಯೆಗಳನ್ನು ನಂಬಿ ಬರೆದಿಟ್ಟ ಬರಹದ ಗತಿಯೇನು? ಖಾಲಿಯಾದ ಆ ಜಾಗ ಅನಂತರ ಚೀನೀ ಅಕ್ಷರಗಳ ಪಾಲಾಯಿತು. ಈ ಪೆಟ್ಟು ತಿಂದ ಮೇಲೆ, ಕೊಟ್ಟ ಸಂಖ್ಯೆ ಕದಲದು, ಕೊಟ್ಟ ಹೆಸರು ಬದಲಾಗದು ಎಂದು ಅವರು ಮಾತು ಕೊಟ್ಟರು. ಹೊಸದನ್ನು ಸೇರಿಸಲು ಅಡ್ಡಿಯಿಲ್ಲ. 2021ರ ಹದಿನಾಲ್ಕನೆಯ ಆವೃತ್ತಿಯಲ್ಲಿ ನಮ್ಮ 'ನಕಾರ ಪೊಲ್ಲು' ಸೇರಿದ್ದು ಹಾಗೆಯೇ.

ಸತ್ಯ ದೊಡ್ಡದೋ, ಕೊಟ್ಟ ಮಾತು ದೊಡ್ಡದೋ ಎಂದು ಇದನ್ನು ಹರಿಶ್ಚಂದ್ರನ ಕಥೆಯಂತೆ ನೋಡುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಒಂದು ಕಾಲದಲ್ಲಿ ಕನ್ನಡದ ಒಂದೊಂದು ಫಾಂಟಿಗೂ ಒಂದೊಂದು ಲೆಕ್ಕವಿತ್ತು. ಒಂದರಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಂದರಲ್ಲಿ ತೆರೆದರೆ ಕಸವಾಗಿ ಕಾಣುತ್ತಿತ್ತು. ಅದನ್ನು ಕಂಡವರಿಗೆ ಕದಲದ ಪಟ್ಟಿಯ ಬೆಲೆ ಗೊತ್ತು. ಇಲ್ಲಿ ಸತ್ಯವನ್ನು ಯಾರೂ ಮುಚ್ಚಿಟ್ಟಿಲ್ಲ, ತಪ್ಪಿನ ಪಕ್ಕದಲ್ಲೇ ಬರೆದಿದ್ದಾರೆ. ಆ ಪಟ್ಟಿಯನ್ನು ನಂಬಿ ಯಾರೋ ಒಬ್ಬ ಪಂಡಿತರು ಒಂದು ಶಾಸನವನ್ನು ಬೆರಳಚ್ಚು ಮಾಡಿದ್ದರೆ, ಅದು ನಾಳೆಯೂ ಹಾಗೆಯೇ ತೆರೆಯಬೇಕಲ್ಲ! ಹೆಸರಿನ ಅಂದಕ್ಕಿಂತ ಅವರ ನಂಬಿಕೆಯ ಋಣ ಹೆಚ್ಚು.

ಆದರೆ ಈ ನ್ಯಾಯವನ್ನು ಮನುಷ್ಯರ ಮೇಲೆ ಹೇರಲು ನಾನು ಒಪ್ಪುವುದಿಲ್ಲ. ಇಲ್ಲಿ ಮನೆತನದ ಹೆಸರು ಮುಂದೆ ಬರುವುದು ರೂಢಿ. ನಮ್ಮವರ ಹೆಸರಿನ ಮುಂದಿರುವುದು ಎಷ್ಟೋ ವೇಳೆ ಊರಿನ ಅಕ್ಷರ, ತಂದೆಯ ಅಕ್ಷರ. ಶಾಲೆಯಲ್ಲಿ ಯಾರೋ ಅದನ್ನು ತಮಗೆ ತೋಚಿದಂತೆ ಬಿಡಿಸಿ ಬರೆದರೆ ಮಗು ಆ ಹೆಸರನ್ನು ಪಿಂಚಣಿಯವರೆಗೂ ಹೊರಬೇಕು. ಅಕ್ಷರಕ್ಕೆ ನೋವಿಲ್ಲ, ಮಗುವಿಗೆ ಇದೆ. ಅಲ್ಲಿ ದಾಖಲೆಯೇ ಬಗ್ಗಬೇಕು. ಹಳೆಯ ಹೆಸರು ಷರಾದಲ್ಲಿ ಉಳಿದರೆ ಸಾಕು.

'ೞ' ಬೇಕಾದವರು ಮಾತ್ರ ಪಟ್ಟಿಯಲ್ಲಿ ಈಗಲೂ 'ಫಾ' ಎಂಬ ಹೆಸರಿನೆದುರೇ ಅದನ್ನು ಹುಡುಕಬೇಕು.