ಯಾವ ಪೈಕಿ ಎಂದು ಕೇಳಿದಾಗ

ಸಣ್ಣ ಮಗುವಿರುವವರು ಹುಬ್ಬಳ್ಳಿ-ಧಾರವಾಡದಲ್ಲಿ ಬಾಡಿಗೆ ಮನೆ ನೋಡುವಾಗ ಮೊದಲು ಅಂಗಳದ ನೀರಿನ ಟಾಕಿಯ ಮುಚ್ಚಳ ನೋಡಬೇಕು. 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನಿಂದ ಇಲ್ಲಿನ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬರತೊಡಗಿತು. ಆದರೆ ಎಷ್ಟೋ ಬಡಾವಣೆಗಳಿಗೆ ಮಲಪ್ರಭೆಯ ನೀರು ಹಲವು ದಿನಗಳಿಗೊಮ್ಮೆ ಬರುವುದೇ ರೂಢಿಯಾಯಿತು. ಹಾಗಾಗಿ ಮನೆಮನೆಗೂ ನೆಲದೊಳಗೊಂದು ಟಾಕಿ. ಆಗತಾನೇ ನಡೆಯಲು ಕಲಿತ ಮಗುವಿಗೆ ಅದರ ಸಡಿಲ ಮುಚ್ಚಳಕ್ಕಿಂತ ದೊಡ್ಡ ಅಪಾಯ ಆ ಮನೆಯಲ್ಲಿ ಇರಲಾರದು. ಆಮೇಲೆ ಮೆಟ್ಟಿಲಿನ ಕಂಬಿ, ಗೋಡೆಯ ಹಸಿ, ಕಟ್ಟೆಯಿಂದ ರಸ್ತೆಗಿರುವ ದೂರ. ಇವುಗಳ ವಿಷಯದಲ್ಲಿ ತಂದೆ-ತಾಯಿ ಎಷ್ಟು ಹಟ ಮಾಡಿದರೂ ಸರಿಯೇ.

ಆದರೆ "ಕೂಸು ಬೆಳಿಯೂದದ, ಚಲೋ ಏರಿಯಾ ನೋಡ್ರಿ" ಎನ್ನುವವರ ಮನಸ್ಸಿನಲ್ಲಿ ಇನ್ನೊಂದು ಪಟ್ಟಿಯೂ ಇರುತ್ತದೆ. ಅಲ್ಲಿ ಏನೇನು ಇದೆ ಎನ್ನುವುದಕ್ಕಿಂತ ಯಾರ್‍ಯಾರು ಇಲ್ಲ ಎನ್ನುವುದು ಮುಖ್ಯ. ಎರಡೂ ಪಟ್ಟಿಗಳು ಮಗುವಿನ ಹೆಸರಿನಲ್ಲೇ ಬರುವುದರಿಂದ ಬೇರೆ ಮಾಡುವುದು ಕಷ್ಟ.

ನಮಗೆ ಹಿಡಿಸಿದ ಮನೆಯೊಂದರ ಯಜಮಾನರು ಎಲ್ಲ ತೋರಿಸಿ, ಕೊನೆಗೆ, "ನೀವು ಯಾವ ಪೈಕಿ ಆದ್ರಿ?" ಎಂದರು. ನನ್ನ ಉತ್ತರ ಅವರಿಗೆ ಒಪ್ಪಿಗೆಯಾಗುವಂಥದ್ದೇ ಎಂದು ಮಾತಿನ ಧಾಟಿಯಿಂದ ತಿಳಿದಿತ್ತು. "ಬಾಡಿಗಿ ಪ್ರತಿ ತಿಂಗಳ ಐದನೇ ತಾರೀಖಿನೊಳಗ ಮುಟ್ಟತದರಿ" ಎಂದೆ. ಮನೆ ನಮಗೆ ಸಿಗಲಿಲ್ಲ.

"ನಿನ್ನ ತತ್ವಕ್ಕ ಕೂಸಿನ ಮನಿ ಯಾಕ ಕಳಕೊಂಡಿ?" ಎಂದು ಗೆಳೆಯನೊಬ್ಬ ಕೇಳಿದ. ಪ್ರಶ್ನೆ ಸುಲಭದ್ದಲ್ಲ. ಒಪ್ಪಿಗೆ ಕೊಡಲು ಬಾರದ ಎರಡು ವರ್ಷದ ಮಗಳ ಮೇಲೆ ನನ್ನ ನಂಬಿಕೆಯ ಖರ್ಚನ್ನು ಹೇರಬಹುದೇ? ಆದರೆ ಉತ್ತರ ಕೊಟ್ಟು ಮನೆ ಹಿಡಿದಿದ್ದರೂ ಅವಳನ್ನು ಕೇಳದೆಯೇ ಒಂದು ನಂಬಿಕೆಯನ್ನು ಹೇರಿದಂತಾಗುತ್ತಿತ್ತು. ಓಣಿಯಲ್ಲಿ ತನ್ನಂಥವರನ್ನು ಮಾತ್ರ ನೋಡಿ ಬೆಳೆದ ಮಗು ಲೋಕ ಇರುವುದೇ ಹೀಗೆ ಎಂದುಕೊಳ್ಳುತ್ತದೆ.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ. ಬಾಲ್ಯ ಕಳೆದದ್ದು ಬ್ರಾಹ್ಮಣರೇ ಹೆಚ್ಚಾಗಿದ್ದ ಧಾರವಾಡದ ಶುಕ್ರವಾರಪೇಟೆಯಲ್ಲಿ. ಮಾವಿನಕಾಯಿ ಕದ್ದು ಸಿಕ್ಕಿಬಿದ್ದಾಗ, ಕಳವಿಗಿಂತ ಹೆಚ್ಚಾಗಿ ಹಾಡುವವಳ ಮಗಳು ತೋಟಕ್ಕೆ ಕಾಲಿಟ್ಟಳೆಂದು ನೆರೆಯವರು ಸಿಟ್ಟಾದದ್ದನ್ನು ಅವರೇ ನೆನಪಿಸಿಕೊಂಡಿದ್ದಾರೆ. ಗ್ರಾಮಫೋನ್ ಹಾಡು ಕೇಳಲು ಬೀದಿಗೆ ಓಡುತ್ತಿದ್ದದ್ದೂ ಆ ವಯಸ್ಸಿನಲ್ಲೇ. ನೆರೆಯ ಮಕ್ಕಳ ಪಾಲಿಗೆ ಅದು 'ಚಲೋ ಏರಿಯಾ'ವೇ ಆಗಿದ್ದಿರಬೇಕು. ಆ ಮಕ್ಕಳು ಅವತ್ತು ಏನು ಕಲಿತರು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಕಾನೂನು ಇಲ್ಲಿ ಹೆಚ್ಚು ಕೈಹಿಡಿಯುವುದಿಲ್ಲ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ-ಧರ್ಮದ ತಡೆ ಕೂಡದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದು ಸದಸ್ಯತ್ವವನ್ನು ತಮ್ಮವರಿಗಷ್ಟೇ ಇಟ್ಟುಕೊಳ್ಳಬಹುದೆಂದು 2005ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಉಳಿದದ್ದು ನಮ್ಮ ನಮ್ಮ ವಿವೇಕಕ್ಕೆ ಬಿಟ್ಟದ್ದು.

ನೆರೆಹೊರೆ ಹೇಗಿದ್ದರೂ ಆದೀತು ಎಂದು ನಾನು ಹೇಳುತ್ತಿಲ್ಲ. ಕುಡಿದು ಗಲಾಟೆ ಮಾಡುವವರ ಪಕ್ಕ ಬೇಡ ಎನ್ನಬಹುದು. ಅದು ನಡತೆಯ ಮಾತು, ಹುಟ್ಟಿನದಲ್ಲ. ಮಳೆಗಾಲ ಹತ್ತಿರವಾಗಿ, ಇರುವ ಮನೆ ಬಿಡಬೇಕಾಗಿ ಬಂದವರು ಉತ್ತರ ಕೊಟ್ಟು ಮನೆ ಹಿಡಿದರೆ ಅವರನ್ನು ದೂರಲಾರೆ. ಇನ್ನೂ ನಾಲ್ಕು ಮನೆ ನೋಡುವಷ್ಟು ಅನುಕೂಲ ನನಗಿತ್ತು.

ಆ ಅನುಕೂಲಕ್ಕೊಂದು ಹೊಣೆಯೂ ಇದೆ. ಒಪ್ಪಿಗೆಯಾಗುವ ಉತ್ತರ ಇರುವವರೆಲ್ಲ ಥಟ್ಟನೆ ಹೇಳಿಬಿಟ್ಟರೆ, ಹೇಳದೆ ಉಳಿದವರ ಮೌನವೇ ಅವರ ಜಾತಿಯನ್ನೋ ಧರ್ಮವನ್ನೋ ಹೇಳಿಬಿಡುತ್ತದೆ. ನಾವೂ ಸುಮ್ಮನಿದ್ದರೆ ಮಾತ್ರ ಅವರಿಗೂ ಸುಮ್ಮನಿರುವ ಹಕ್ಕು ಉಳಿಯುತ್ತದೆ. ನನ್ನೊಬ್ಬನ ಮೌನದಿಂದ ಯಾರಿಗೂ ಮನೆ ಸಿಗಲಿಕ್ಕಿಲ್ಲ. ಆದರೂ ಆ ಪ್ರಶ್ನೆ ಕೇಳುವವರಿಗೆ ಒಂದು ಗಳಿಗೆ ಮುಜುಗರವಾದರೆ, ಮುಂದೆ ಬರುವ ಇನ್ನೊಂದು ಕೂಸಿನ ತಂದೆಯನ್ನು ಕೇಳುವ ಮೊದಲು ಅವರು ಯೋಚಿಸಿಯಾರು.