ತಂಡದ ಪಾಲಕನೂ ದಾಸೋಹಭಾವವೂ

ತನ್ನ ಮಗುವನ್ನು ಪ್ರೀತಿಸೆಂದು ಯಾರಿಗೂ ಬೋಧಿಸಬೇಕಾದುದಿಲ್ಲ. ಹಸುವು ಕರುವನ್ನು ನೆಕ್ಕುವುದಕ್ಕೆ, ಹಕ್ಕಿಯು ಮರಿಗೆ ಗುಟುಕು ಕೊಡುವುದಕ್ಕೆ ಯಾವ ಗುರೂಪದೇಶವೂ ಬೇಕಿಲ್ಲ. ಉಪದೇಶ ಬೇಕಾಗುವುದು ಅದರ ಮುಂದಿನ ಹೆಜ್ಜೆಗೆ. ತನ್ನ ಮಗುವಿನ ನಿಮಿತ್ತವಾಗಿ ಹುಟ್ಟಿದ ವಾತ್ಸಲ್ಯವು ನೆರೆಮನೆಯ ಮಗುವಿನವರೆಗೂ ಹರಿಯಬೇಕಾದರೆ ಮಾನವನು ತನ್ನನ್ನು ತಾನೇ ತಿದ್ದಿಕೊಳ್ಳಬೇಕಾಗುತ್ತದೆ. ಶರಣರು ಬೋಧಿಸಿದ ದಾಸೋಹಕ್ಕೂ ಮಕ್ಕಳ ಆಟದ ಬಯಲಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಬಹಳ ಹತ್ತಿರದ್ದೇ ಆಗಿದೆ.

ನಮ್ಮ ನಾಡಿನ ಶಾಲೆಗಳಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್ ಮೊದಲಾದ ಆಟಗಳ ಪಂದ್ಯಗಳು ಪ್ರತಿವರ್ಷವೂ ವಲಯ ಮಟ್ಟದಿಂದ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ದಾಟಿ ರಾಜ್ಯಮಟ್ಟದವರೆಗೆ ಏರುತ್ತವೆ. ಯಾದಗಿರಿ ಸೀಮೆಯ ಮುದನಾಳದಂತಹ ಊರಿನ ಮಕ್ಕಳು ಗೆಲ್ಲುತ್ತ ಹೋದರೆ ಯಾದಗಿರಿಗೂ, ಮುಂದೆ ಕಲಬುರಗಿ ವಿಭಾಗದ ಬೇರೆ ಜಿಲ್ಲೆಗಳಿಗೂ ಪ್ರಯಾಣ ಮಾಡಬೇಕಾಗುತ್ತದೆ. ಹತ್ತು ಹನ್ನೆರಡು ಮಕ್ಕಳನ್ನು ಒಬ್ಬ ಶಿಕ್ಷಕರೇ ಬಸ್ಸಿಗೆ ಹತ್ತಿಸಿ, ಇಳಿಸಿ, ಉಣ್ಣಿಸಿ, ಆಡಿಸಿ, ಕತ್ತಲಾಗುವುದರೊಳಗೆ ಮನೆಗೆ ಮುಟ್ಟಿಸುವುದು ಸುಲಭದ ಮಾತಲ್ಲ. ಒಂದು ಮಗುವಿನ ಮೊಣಕಾಲು ತರಚಿ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಉಳಿದವರನ್ನು ನೋಡುವವರು ಯಾರು? ಆದುದರಿಂದ ಪಾಲಕರಲ್ಲೊಬ್ಬರು ಸ್ವಂತ ಇಚ್ಛೆಯಿಂದ ತಂಡದ ಜೊತೆಗೆ ಹೊರಡುವುದು ಅವಶ್ಯಕವಾಗುತ್ತದೆ. ಇವರನ್ನು ನಾವು ತಂಡದ ಪಾಲಕರೆಂದು ಕರೆಯೋಣ. ನೀರು, ಬುತ್ತಿ, ಔಷಧದ ಪೆಟ್ಟಿಗೆ, ಬಸ್ಸಿನ ಹಣ, ಮಕ್ಕಳ ತಲೆಯೆಣಿಕೆ ಇವೇ ಅವರ ಕೆಲಸ. ಸಂಬಳವಿಲ್ಲ, ಹೆಸರೂ ಇಲ್ಲ.

ಕಾಯಕವೂ ದಾಸೋಹವೂ ಒಂದೇ ಅಲ್ಲವೆಂಬುದನ್ನು ಸದ್ಭಕ್ತರು ಬಲ್ಲರು. ಪ್ರಾಮಾಣಿಕವಾದ ದುಡಿಮೆ ಕಾಯಕ; ಆ ದುಡಿಮೆಯ ಫಲವನ್ನು ‘ನನ್ನದು’ ಎನ್ನದೆ ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಫಲವೆಂದರೆ ಧಾನ್ಯ, ಹಣಗಳು ಮಾತ್ರವೇ ಅಲ್ಲ. ಶಾಲೆಯ ಪಂದ್ಯಗಳು ಸಾಮಾನ್ಯವಾಗಿ ಮಳೆಗಾಲದಲ್ಲಿ ಬರುತ್ತವೆ. ಆಗ ಹೆಸರು ಬಿಡಿಸುವ ಕಾಲ. ತೊಗರಿ, ಹತ್ತಿಗಳ ಹೊಲದಲ್ಲಿ ಕಳೆ ತೆಗೆಯುವ ಕಾಲ. ಅಂತಹ ಒಂದು ದಿನವನ್ನು ಕೊಡುವುದು ಒಂದು ಚೀಲ ಜೋಳವನ್ನು ಕೊಡುವುದಕ್ಕಿಂತ ಕಡಮೆಯ ದಾನವೇನೂ ಅಲ್ಲ.

ಈ ಕೊಡುಗೆಯನ್ನು ಎಲ್ಲರಿಂದಲೂ ಸಮನಾಗಿ ಕೇಳುವುದು ನ್ಯಾಯವಲ್ಲ. ನಮ್ಮ ಸೀಮೆಯ ಎಷ್ಟೋ ಕುಟುಂಬಗಳು ಕೆಲಸವನ್ನರಸಿ ಬೆಂಗಳೂರು, ಹೈದರಾಬಾದ್ ಮೊದಲಾದ ನಗರಗಳಿಗೆ ಗುಳೆ ಹೋಗುತ್ತವೆ. ಹಲವು ಮಕ್ಕಳು ಅಜ್ಜಿಯ ಆಶ್ರಯದಲ್ಲಿ ಊರಲ್ಲೇ ಉಳಿಯುತ್ತಾರೆ. ದಿನಗೂಲಿಯವನಿಗೆ ಒಂದು ದಿನದ ನಷ್ಟವೆಂದರೆ ಅಂದಿನ ಒಲೆಯ ಪ್ರಶ್ನೆ. ಹೊಲಮನೆ ಉಳ್ಳವನು, ಒಂದು ದಿನ ಇಲ್ಲದಿದ್ದರೂ ಮನೆ ನಡೆಯುವಷ್ಟು ಅನುಕೂಲವಿರುವವನು ಮುಂದೆ ಬರಬೇಕು. ಬಯಲಿನ ಅಂಚಿನಲ್ಲಿ ತನ್ನವರು ಯಾರೂ ನಿಂತಿಲ್ಲವೆಂದು ತಿರುತಿರುಗಿ ನೋಡುವ ಮಗುವಿಗಾಗಿಯೇ ತಂಡದ ಪಾಲಕನು ಇರುವುದು.

ಇಲ್ಲಿ ಒಂದು ಆಕ್ಷೇಪಣೆಯುಂಟು. “ತಂದೆಯು ಹೋಗುವುದು ತನ್ನ ಮಗ ಆಡುತ್ತಾನೆಂದಲ್ಲವೆ? ಸ್ವಾರ್ಥದಿಂದ ಹುಟ್ಟಿದ ಕೆಲಸವು ದಾಸೋಹ ಹೇಗಾದೀತು?” ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಬೀಜವು ಕೆಸರಿನಲ್ಲಿ ಬಿದ್ದಿತೆಂದು ಬೆಳೆಯನ್ನು ಯಾರೂ ತಿರಸ್ಕರಿಸುವುದಿಲ್ಲ. ಮೊದಲ ಹೆಜ್ಜೆಯು ಮಗನ ಮೋಹದಿಂದಲೇ ಬಿದ್ದಿರಲಿ. ಆ ಹೆಜ್ಜೆಯು ಎಲ್ಲಿಗೆ ಮುಟ್ಟಿತೆಂಬುದೇ ಮುಖ್ಯ. ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯುವವರು ಏಳು ಜನ. ಉಳಿದವರು ಹೊರಗೆ ಕುಳಿತು ಕಾಯಬೇಕು. ತನ್ನ ಮಗನು ಹೊರಗೆ ಕುಳಿತ ದಿನವೂ ಒಳಗಿರುವ ಏಳು ಮಕ್ಕಳಿಗೆ ಅದೇ ನಗುಮುಖದಿಂದ ನೀರು ಕೊಡಬಲ್ಲವನು ತಂಡದ ಪಾಲಕ. ಮುಖ ಬಾಡಿತೋ, ಆತನು ಬಂದದ್ದು ಮಗನಿಗಾಗಿ ಮಾತ್ರ. ಖೋ ಖೋ ಆಟದಲ್ಲಿ ಅಟ್ಟುತ್ತಿರುವವನು ಜೊತೆಗಾರನಿಗೆ ‘ಖೋ’ ಕೊಟ್ಟೊಡನೆ ತನ್ನ ಓಟವನ್ನು ಬಿಟ್ಟು ಅವನ ಸ್ಥಾನದಲ್ಲಿ ತಾನು ಕುಳಿತುಕೊಳ್ಳುತ್ತಾನೆ. ಮಕ್ಕಳು ಕ್ಷಣಕ್ಷಣಕ್ಕೂ ಮಾಡುವ ಈ ತ್ಯಾಗವನ್ನು ದೊಡ್ಡವರು ದಿನಕ್ಕೊಮ್ಮೆಯಾದರೂ ಕಲಿಯಬೇಡವೆ?

ಈ ಸೇವೆಗೆ ಮೂರು ಒರೆಗಲ್ಲುಗಳುಂಟು. ಮೊದಲನೆಯದು ಪಂಕ್ತಿ. ತಂಡದಲ್ಲಿ ಎಲ್ಲ ಕೇರಿಗಳ ಮಕ್ಕಳೂ ಇರುತ್ತಾರೆ. ಬುತ್ತಿ ಬಿಚ್ಚಿದಾಗ ಒಬ್ಬನಿಗೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಮೊಸರು. ಇನ್ನೊಬ್ಬನಿಗೆ ಒಣ ರೊಟ್ಟಿ ಎಂಬ ಭೇದ ಬರಕೂಡದು. ಒಂದೇ ಕೊಡದ ನೀರನ್ನು ಒಂದೇ ಲೋಟದಿಂದ ಎಲ್ಲರಿಗೂ ಕೊಡುವುದಕ್ಕೆ ಕೈ ಅಳುಕಿದರೆ ಹಣೆಯ ವಿಭೂತಿಗೆ ಅರ್ಥವೇನು? ಹುಟ್ಟಿನ ಮೇಲುಕೀಳನ್ನು ಅಳಿಸುವುದಕ್ಕಾಗಿಯೇ ಶರಣರು ಕಲ್ಯಾಣದಲ್ಲಿ ಅಷ್ಟೊಂದು ಕಷ್ಟವನ್ನು ಸಹಿಸಿದರು. 2002ರಲ್ಲಿ ಆರಂಭವಾದ ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರು ಬಂದಿದೆ. ಶಾಲೆಯಲ್ಲಿ ಕೂಡಿ ಉಂಡ ಮಕ್ಕಳನ್ನು ಪಂದ್ಯದ ಬಯಲಿನಲ್ಲಿ ಬೇರ್ಪಡಿಸುವ ಹಿರಿಯನು ದಾಸೋಹದ ಹೆಸರನ್ನು ಎತ್ತುವುದಕ್ಕೂ ಅರ್ಹನಲ್ಲ.

ಎರಡನೆಯದು ಹಣ. ಬಸ್ಸಿಗೂ ಊಟಕ್ಕೂ ಊರವರು ಕೂಡಿಸಿಕೊಟ್ಟ ಹಣವು ಪಾಲಕನ ಕೈಯಲ್ಲಿರುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಕಥೆಯನ್ನು ಕೇಳದ ಭಕ್ತರಿಲ್ಲ. ಅವಳಿಗೆ ಅಕ್ಕಿಯ ಪ್ರಮಾಣ ಮುಖ್ಯವಾಗಿರಲಿಲ್ಲ. ಹೆಚ್ಚಿನದನ್ನು ಬಯಸಿದ ಮನಸ್ಸು ಮುಖ್ಯವಾಗಿತ್ತು. ಉಳಿದ ಇಪ್ಪತ್ತು ರೂಪಾಯಿಗೂ ಲೆಕ್ಕ ಬರೆದು ಶಾಲೆಗೆ ಒಪ್ಪಿಸುವ ಪಾಲಕನು ಲಕ್ಕಮ್ಮನ ಶಿಷ್ಯನು. ಸರಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವುಗಳಲ್ಲಿ ಪಾಲಕರೂ ಇದ್ದಾರೆ. ಯಾರು ಹೋಗಬೇಕೆಂಬುದನ್ನೂ ಲೆಕ್ಕವನ್ನೂ ಅಲ್ಲಿ ಬಹಿರಂಗವಾಗಿ ವಿಚಾರಿಸಿದರೆ ಗುಣುಗುಣು ಮಾತಿಗೆ ಎಡೆಯಿರುವುದಿಲ್ಲ.

ಮೂರನೆಯದು ನಾಲಗೆ, ಇದೇ ಎಲ್ಲಕ್ಕಿಂತ ಕಠಿಣವಾದುದು. ತೀರ್ಪುಗಾರನ ಸೀಟಿಯು ನಮ್ಮ ತಂಡಕ್ಕೆ ವಿರುದ್ಧವಾಗಿ ಊದಿದೊಡನೆ ಅಂಕಣದ ಗೆರೆ ದಾಟಿ ಬೈಯುವ ಹಿರಿಯರನ್ನು ನಾವೆಲ್ಲರೂ ನೋಡಿದ್ದೇವೆ. ಅಂದು ಮಕ್ಕಳು ಕಲಿಯುವ ಪಾಠ ಕಬಡ್ಡಿಯದಲ್ಲ, ಬೈಗುಳದ್ದು. ಯಾರನ್ನು ಆಡಿಸಬೇಕೆಂಬುದು ಶಿಕ್ಷಕರ ಕೆಲಸ. ತಪ್ಪೊಪ್ಪು ತೀರ್ಪುಗಾರರ ಕೆಲಸ. ಎದುರಾಳಿಯ ಮಗು ಬಿದ್ದರೆ ಅದಕ್ಕೂ ನಮ್ಮ ಪೆಟ್ಟಿಗೆಯ ಔಷಧವೇ ಆಗಬೇಕು. ದಯೆಯು ಊರಿನ ಸೀಮೆಯಲ್ಲಿ ನಿಂತುಹೋದರೆ ಅದು ದಯೆಯಲ್ಲ, ಪಕ್ಷಪಾತ.

ತಾಯಂದಿರಿಗೂ ಒಂದು ಮಾತು. ಹೆಣ್ಣುಮಕ್ಕಳ ತಂಡಗಳು ಎಷ್ಟೋ ಊರುಗಳಲ್ಲಿ ಕಟ್ಟುವ ಮುನ್ನವೇ ಒಡೆಯುತ್ತವೆ. ಕಾರಣವು ಆಟ ಬಾರದಿರುವುದಲ್ಲ, “ಜೊತೆಗೆ ಹೋಗುವ ಹೆಂಗಸರು ಯಾರು?” ಎಂಬ ಪ್ರಶ್ನೆಗೆ ಉತ್ತರವಿಲ್ಲದಿರುವುದು. ಒಬ್ಬ ತಾಯಿ ಹೊರಟರೆ ಹತ್ತು ಮನೆಗಳ ಬಾಗಿಲು ತೆರೆಯುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೋ ಖೋ ವಿಶ್ವಕಪ್ಪನ್ನು ಭಾರತದ ಮಹಿಳೆಯರು ಗೆದ್ದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಅವರೂ ಇದ್ದರು. ಹಳ್ಳಿಯ ಹುಡುಗಿಯು ಅಷ್ಟು ದೂರ ನಡೆಯಬಲ್ಲಳು. ಮೊದಲ ಪಂದ್ಯಕ್ಕೆ ಅವಳನ್ನು ಧೈರ್ಯವಾಗಿ ಕಳುಹಿಸುವವರೂ ಜೊತೆಗೆ ಹೋಗುವವರೂ ಊರಲ್ಲಿರಬೇಕು.

ಕೊನೆಗೆ ಉಳಿಯುವುದು ‘ನಾನು ಮಾಡಿದೆ’ ಎಂಬ ಭಾವ. ಗೆದ್ದು ಬಂದಾಗ ಶಾಲು, ಹಾರ, ಭಾವಚಿತ್ರಗಳಲ್ಲಿ ಮುಂದೆ ನಿಲ್ಲುವ ಆಸೆ ಬರುತ್ತದೆ. ಸೋತು ಬಂದಾಗ ಬಸ್ ನಿಲ್ದಾಣದಲ್ಲಿ ಸ್ವಾಗತಿಸುವವರು ಯಾರೂ ಇರುವುದಿಲ್ಲ. ಆ ಕತ್ತಲೆಯಲ್ಲಿ ಮಕ್ಕಳನ್ನು ಮತ್ತೊಮ್ಮೆ ಎಣಿಸಿ, ಅಳುವವನ ಬೆನ್ನು ಸವರಿ, ಅಜ್ಜಿಯೊಬ್ಬಳೇ ಇರುವ ಮನೆಯ ಬಾಗಿಲವರೆಗೂ ನಡೆದುಹೋಗಿ ಮಗುವನ್ನು ಒಪ್ಪಿಸಿ ಬರುವುದು ನಿಜವಾದ ದಾಸೋಹ. ಅದನ್ನು ನೋಡುವವರಿಲ್ಲದಿರುವುದೇ ಅದರ ಶುದ್ಧಿ.

ಸದ್ಭಕ್ತರೆ, ಮಠದ ದಾಸೋಹದಲ್ಲಿ ಸೌಟು ಹಿಡಿಯುವ ಕೈಗಳು ನಿಮ್ಮವೇ. ಬರುವ ಮಳೆಗಾಲದಲ್ಲಿ ನಿಮ್ಮೂರಿನ ಶಾಲೆಯ ತಂಡವು ಹೊರಟಾಗ ಅದೇ ಕೈಗಳು ನೀರಿನ ಕೊಡವನ್ನೂ ಹಿಡಿಯಲಿ. ಒಂದು ಮಗುವಿನ ತಂದೆಯಾಗಿ ಹೊರಟವನು ಹನ್ನೆರಡು ಮಕ್ಕಳ ತಂದೆಯಾಗಿ ಮರಳಲಿ.