ಪಕ್ಕದ ಡಬ್ಬಾ

ಮೇಲಿನ ಮನೆಯವರು ಒಂದು ರಾತ್ರಿ ಹನ್ನೊಂದು ದಾಟಿದ ಮೇಲೆ ಬಾಗಿಲು ತಟ್ಟಿದರು. ಡೊಂಬಿವಲಿ ಪೂರ್ವದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವರು ಅವರು. ಹೋಟೆಲು ಮುಚ್ಚಿ, ಲೆಕ್ಕ ಒಪ್ಪಿಸಿ ಮನೆ ಸೇರುವಾಗ ದಿನವೂ ಅದೇ ಹೊತ್ತು. ಕೈಯಲ್ಲಿ ನುಣುಪು ಕಾಗದದ ಬಣ್ಣದ ಪತ್ರವೊಂದಿತ್ತು. ಒಂಬತ್ತನೆಯ ತರಗತಿಯ ಮಗಳು ಎರಡು ವರ್ಷದಿಂದ ಹೋಗುತ್ತಿರುವ ಕ್ರಿಕೆಟ್ ಅಕಾಡೆಮಿಯವರು ಕೊಟ್ಟದ್ದು. ‘ಎಕ್ಸ್‌ಪೋಷರ್ ಟೂರ್’: ಎಂಟು ದಿನ, ಐದು ಪಂದ್ಯ, ಪ್ರತಿ ಆಟಗಾರ್ತಿಯ ವಿಡಿಯೋ, ಕಾಲೇಜಿನವರ ಕಣ್ಣಿಗೆ ಬೀಳುವ ಸದವಕಾಶ. ಹಣದ ಮೊತ್ತ ಮಾತ್ರ ಕೆಳಗೆ ಸಣ್ಣಕ್ಷರದಲ್ಲಿ. ಅದು ಅವರ ಒಂದೂವರೆ ತಿಂಗಳ ಸಂಬಳ.

“ಕಳಿಸುವುದಾ ಬೇಡವಾ, ನೀವೇ ಹೇಳಿ ಮಾರಾಯ್ರೆ. ಬ್ಯಾಂಕಿನಲ್ಲಿ ಇದ್ದವರು ನೀವು.”

ಬ್ಯಾಂಕಿನಲ್ಲಿ ಇದ್ದವನಿಗೆ ಬಡ್ಡಿಯ ಲೆಕ್ಕ ಗೊತ್ತು, ಲೆಗ್ ಸ್ಪಿನ್ ಗೊತ್ತಿಲ್ಲ. ನಾಲ್ಕು ದಿನ ಸಮಯ ಕೊಡಿ ಎಂದೆ.

2025ರ ನವೆಂಬರ್ 2ರಂದು ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಮ್ಮ ಹುಡುಗಿಯರು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದ ಮೇಲೆ ಈ ಕಡೆಯ ಗಾಳಿಯೇ ಬದಲಾಗಿದೆ. ಅದಕ್ಕೆ ಮೂರು ದಿನ ಮೊದಲು ಅಲ್ಲೇ ಜೆಮಿಮಾ ರಾಡ್ರಿಗ್ಸ್ ಆಸ್ಟ್ರೇಲಿಯಾದ ಎದುರು ಔಟಾಗದೆ 127 ಹೊಡೆದಿದ್ದರು. ಅವರು ಹುಟ್ಟಿದ್ದು ಭಾಂಡೂಪಿನಲ್ಲಿ, ಅಂದರೆ ನಮ್ಮದೇ ಸೆಂಟ್ರಲ್ ಲೈನಿನಲ್ಲಿ. ಆಟದ ಅನುಕೂಲ ಹುಡುಕಿಕೊಂಡು ಆ ಸಂಸಾರ ಬಾಂದ್ರಾಕ್ಕೆ ಮನೆ ಬದಲಿಸಿತ್ತು. ಫೈನಲ್ ರಾತ್ರಿ ಹೋಟೆಲಿನ ಟೀವಿ ಮುಂದೆ ನಿಂತ ಗಿರಾಕಿಗಳು ಬಿಲ್ಲು ಕೊಡಲು ಮರೆತರಂತೆ, ಗಲ್ಲಾದವರು ಕೇಳಲು ಮರೆತರಂತೆ. ಠಾಣೆ, ಕಲ್ಯಾಣ, ಐರೋಳಿ, ಎಲ್ಲಿ ನೋಡಿದರೂ ಬೆನ್ನಿಗೆ ಕಿಟ್ ಬ್ಯಾಗ್ ಹಾಕಿದ ಎರಡು ಜಡೆಯ ಹುಡುಗಿಯರು. ಆ ಬಣ್ಣದ ಪತ್ರವನ್ನು ಅಚ್ಚು ಹಾಕಿಸಿದ್ದು ಇದೇ ಗಾಳಿ.

ವಿಚಾರಿಸಿದೆ. ಆಟದಿಂದ ಕಾಲೇಜಿನ ಸೀಟು ಸಿಗುವುದು ಸುಳ್ಳಲ್ಲ. ಮಹಾರಾಷ್ಟ್ರದಲ್ಲಿ ಹನ್ನೊಂದನೆಯ ತರಗತಿಗೆ ಕ್ರೀಡಾ ಕೋಟಾ ಉಂಟು. ಹತ್ತು ಮತ್ತು ಹನ್ನೆರಡರ ಬೋರ್ಡ್ ಪರೀಕ್ಷೆಯಲ್ಲಿ ಆಟದ ಮಟ್ಟಕ್ಕೆ ತಕ್ಕಂತೆ ಹೆಚ್ಚುವರಿ ಅಂಕ ಕೊಡುತ್ತಾರೆ. ಮುಂದೆ ಸರ್ಕಾರಿ ನೌಕರಿಯಲ್ಲೂ ಶೇಕಡಾ 5 ಮೀಸಲು. ಆದರೆ ಇದಕ್ಕೆಲ್ಲ ಬೇಕಾಗುವ ಸರ್ಟಿಫಿಕೇಟು ಹುಟ್ಟುವುದು ಶಾಲಾ ಕ್ರೀಡಾಕೂಟದ ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳ ಪಂದ್ಯಗಳಲ್ಲಿ. ಖಾಸಗಿ ಟೂರಿನ ಚಿನ್ನದ ಅಂಚಿನ ಪ್ರಶಸ್ತಿಪತ್ರಕ್ಕೆ ಆ ಕಡತದಲ್ಲಿ ಜಾಗವಿಲ್ಲ. ಇನ್ನು ಕಾಲೇಜಿನ ಕೋಚುಗಳು ಹುಡುಗರನ್ನು ಹುಡುಕುವುದು ಶಾಲಾ ಪಂದ್ಯಗಳಲ್ಲಿ, ಅಸೋಸಿಯೇಷನ್ನಿನ ಟ್ರಯಲ್‌ಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಇನ್ನೊಬ್ಬ ಕೋಚಿನ ಫೋನಿನಲ್ಲಿ. “ಒಂದು ಹುಡುಗಿ ಇದ್ದಾಳೆ, ಬಂದು ನೋಡು” ಎಂಬ ಒಂದು ಮಾತಿಗಿರುವ ತೂಕ ಐದು ವಿಡಿಯೋಗಳಿಗಿಲ್ಲ.

ಲೆಕ್ಕ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ‘ಕಣ್ಣಿಗೆ ಬೀಳುವ’ ಎಂಬ ಮಾತು ನನ್ನನ್ನು ಬಿಡಲಿಲ್ಲ.

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗಳು ಸಾಫ್ಟ್‌ಬಾಲ್ ಆಡುತ್ತಿದ್ದಳು. ಹನ್ನೆರಡು ಇಂಚು ಸುತ್ತಳತೆಯ ಹಳದಿ ಚೆಂಡು, ಅದರ ಮೇಲೆ ಕೆಂಪು ಹೊಲಿಗೆ. ನನ್ನ ಅಂಗೈಯಲ್ಲಿ ಅದು ಮೂಸಂಬಿಗಿಂತ ದೊಡ್ಡದಾಗಿ ಕೂತಿತ್ತು. ಸಾಫ್ಟ್ ಎನ್ನುವುದು ಹೆಸರಿಗೆ ಮಾತ್ರ, ಬೆರಳಿಗೆ ಬಡಿದರೆ ಗೊತ್ತಾಗುತ್ತದೆ. ತೋಳನ್ನು ಗಾಣದಂತೆ ಒಂದು ಸುತ್ತು ತಿರುಗಿಸಿ ಸೊಂಟದ ಬಳಿಯಿಂದ ಎಸೆಯುತ್ತಾರೆ. ನಾವು ಹೋಗಿದ್ದ ವಾರಾಂತ್ಯದಲ್ಲಿ ಅವಳಿಗೆ ‘ಷೋಕೇಸ್’ ಇತ್ತು. ಎರಡು ದಿನದಲ್ಲಿ ಐದು ಪಂದ್ಯ. ಕಪ್ಪು ಇಲ್ಲ, ಫೈನಲ್ ಇಲ್ಲ, ಯಾರು ಗೆದ್ದರೆಂದು ಕೇಳುವವರೂ ಇಲ್ಲ. ಬಲೆಯ ಹಿಂದೆ ಮಡಚುವ ಕುರ್ಚಿಗಳಲ್ಲಿ ಕಾಲೇಜುಗಳ ಕೋಚುಗಳು ಟೋಪಿಯನ್ನು ಹಣೆಗಿಳಿಸಿಕೊಂಡು ಕೂತಿದ್ದರು. ಒಬ್ಬರ ಕೈಯಲ್ಲಿ ವೇಗ ಅಳೆಯುವ ಯಂತ್ರ, ಇನ್ನೊಬ್ಬರ ತೊಡೆಯ ಮೇಲೆ ಪುಸ್ತಕ. ಹುಡುಗಿಯರು ಆಡುತ್ತಿದ್ದದ್ದು ಗೆಲ್ಲಲಿಕ್ಕಲ್ಲ, ಕಾಣಲಿಕ್ಕೆ.

ಅಲ್ಲಿಯ ಮೇಲ್ದರ್ಜೆಯ ಕಾಲೇಜು ಸಾಫ್ಟ್‌ಬಾಲಿನಲ್ಲಿ ಸುಮಾರು 300 ತಂಡಗಳಿವೆ. ಒಂದು ತಂಡಕ್ಕೆ 12 ಪೂರ್ಣ ವಿದ್ಯಾರ್ಥಿವೇತನ ಎಂಬ ಮಿತಿ ಬಹಳ ವರ್ಷ ಇತ್ತು, ಅದನ್ನೇ ಇಪ್ಪತ್ತು ಹುಡುಗಿಯರಿಗೆ ಚೂರು ಚೂರು ಮಾಡಿ ಹಂಚುತ್ತಿದ್ದರು. ಆ ಚೂರಿಗಾಗಿ ಅಪ್ಪ ಅಮ್ಮಂದಿರು ವರ್ಷಗಟ್ಟಲೆ ಪೆಟ್ರೋಲು, ಹೋಟೆಲು, ತಂಡದ ಫೀಸು ಎಂದು ಸುರಿಯುವುದನ್ನು ಕೂಡಿಸಿದರೆ ಎಷ್ಟೋ ಮನೆಗಳಲ್ಲಿ ಅಸಲೂ ಹುಟ್ಟುವುದಿಲ್ಲ. ಎಂಟನೆಯ ತರಗತಿಯ ಹುಡುಗಿಯರು ಇಂಥ ಕಾಲೇಜಿಗೇ ಬರುತ್ತೇನೆಂದು ಬಾಯಿಮಾತು ಕೊಡುವಲ್ಲಿಗೆ ಈ ಹುಚ್ಚು ಮುಟ್ಟಿತ್ತು. 2018ರಲ್ಲಿ ನಿಯಮ ಬಂತು: ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ರ ತನಕ ಕೋಚುಗಳು ಹುಡುಗಿಯರೊಡನೆ ಮಾತಾಡುವಂತಿಲ್ಲ. ಆದರೆ ನೋಡಬಾರದೆಂದಿಲ್ಲ. ಹಾಗಾಗಿ ಬರುತ್ತಾರೆ, ನೋಡುತ್ತಾರೆ, ಬರೆದುಕೊಂಡು ಎದ್ದು ಹೋಗುತ್ತಾರೆ. ತಂಗಿ ಹೇಳಿದಳು, “ಅಣ್ಣಾ, ಹೆಣ್ಣು ನೋಡಲಿಕ್ಕೆ ಬಂದವರಾದರೂ ಉಪ್ಪಿಟ್ಟು ತಿಂದು ನಾಲ್ಕು ಮಾತಾಡಿ ಹೋಗುತ್ತಿದ್ದರು.”

ಕಣ್ಣಿಗೆ ಬೀಳುವುದು, ಕಣ್ಣು ಬೀಳುವುದು. ನಮ್ಮಲ್ಲಿ ಇವೆರಡರ ನಡುವೆ ಒಂದು ವಿಭಕ್ತಿ ಪ್ರತ್ಯಯದಷ್ಟೇ ಅಂತರ. ಮೊದಲನೆಯದು ಭಾಗ್ಯ, ಎರಡನೆಯದು ಪೀಡೆ. ಮಗು ಚೆನ್ನಾಗಿ ಕಂಡ ದಿನವೇ ಅಜ್ಜಿ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು, ಸಂಜೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ನೋಟಕ್ಕೆ ಭಾರ ಇದೆ, ಎಳೆಯ ಜೀವ ಅದನ್ನು ಹೊರಲಾರದು ಎಂದು ಅವಳಿಗೆ ಗೊತ್ತಿತ್ತು. ಅವಳ ಮೊಮ್ಮಕ್ಕಳಾದ ನಾವು ಆ ಭಾರವನ್ನೇ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೇವೆ.

ಇದು ಮೂಢನಂಬಿಕೆಯ ಮಾತಾಯಿತು ಎನ್ನುವವರು ಕಲ್ಯಾಣಕ್ಕೆ ಬರಬೇಕು. 2016ರ ಜನವರಿ 4 ಮತ್ತು 5ರಂದು ಭಂಡಾರಿ ಕಪ್ ಎಂಬ ಅಂತರಶಾಲಾ ಪಂದ್ಯದಲ್ಲಿ, ಕೆ.ಸಿ. ಗಾಂಧಿ ಶಾಲೆಯ ಪ್ರಣವ್ ಧನಾವಡೆ 327 ಎಸೆತಗಳಲ್ಲಿ ಔಟಾಗದೆ 1009 ರನ್ನು ಹೊಡೆದ. 129 ಫೋರು, 59 ಸಿಕ್ಸು. ಇಂಗ್ಲೆಂಡಿನಲ್ಲಿ 1899ರಲ್ಲಿ ಎ.ಇ.ಜೆ. ಕಾಲಿನ್ಸ್ ಬರೆದಿಟ್ಟಿದ್ದ 628ರ ದಾಖಲೆ ನಮ್ಮ ಪಕ್ಕದೂರಿನಲ್ಲಿ ಪುಡಿಯಾಯಿತು. ಎದುರಿನ ತಂಡ ಮೊದಲ ಇನ್ನಿಂಗ್ಸಿನಲ್ಲಿ ಮಾಡಿದ್ದು 31. ಮೈದಾನ ಚಿಕ್ಕದು, ಎಸೆದ ಹುಡುಗರು ಎಳೆಯರು ಎಂದು ಆಮೇಲೆ ಅನೇಕರು ತಕರಾರು ತೆಗೆದರು, ಅದು ನಿಜವೂ ಹೌದು. ಆದರೂ ಸಾವಿರ ರನ್ನು ಹೊಡೆಯುವಷ್ಟು ಹೊತ್ತು ಬೇಸರವಿಲ್ಲದೆ ನಿಲ್ಲುವುದೇ ಒಂದು ತಪಸ್ಸು. ಎರಡೇ ದಿನದಲ್ಲಿ ಜಗತ್ತಿನ ಕಣ್ಣೆಲ್ಲ ಆ ಆಟೋ ಚಾಲಕರ ಮಗನ ಮೇಲೆ ಬಿತ್ತು. ತೆಂಡೂಲ್ಕರ್ ಬ್ಯಾಟು ಕಳಿಸಿದರು, ಮುಂಬಯಿ ಕ್ರಿಕೆಟ್ ಅಸೋಸಿಯೇಷನ್ ತಿಂಗಳಿಗೆ 10,000 ರೂಪಾಯಿಯ ವಿದ್ಯಾರ್ಥಿವೇತನ ಘೋಷಿಸಿತು. ಇದಕ್ಕಿಂತ ದೊಡ್ಡ ಷೋಕೇಸ್ ಯಾವ ಅಕಾಡೆಮಿ ಏರ್ಪಡಿಸೀತು? ಮುಂದೆ ರನ್ನು ಬರುವುದು ಕಡಿಮೆಯಾಯಿತು. 2017ರಲ್ಲಿ ಅವನ ತಂದೆಯೇ, ಆಟ ಮೊದಲಿನ ಹಾಗಿಲ್ಲ, ವೇತನ ನಿಲ್ಲಿಸಿ ಎಂದು ಅಸೋಸಿಯೇಷನ್ನಿಗೆ ಪತ್ರ ಬರೆದರು. ಆ ಸಾವಿರದ ಒಂಬತ್ತು ರನ್ನುಗಳಿಗಿಂತ ನನಗೆ ಹೆಚ್ಚು ನೆನಪಾಗುವುದು ಆ ಪತ್ರ. ಮಗನ ಮೇಲೆ ಬಿದ್ದಿದ್ದ ನೋಟದ ಭಾರವನ್ನು ಒಬ್ಬ ತಂದೆ ಕೈಯಾರೆ ಇಳಿಸಲು ಹೊರಟದ್ದು ಅದು.

ಹಾಗಾದರೆ ಯಾರ ಕಣ್ಣಿಗೂ ಬೀಳದೆ ಇರಬೇಕೇ? ಡೊಂಬಿವಲಿಯಲ್ಲಿ ಕೂತು ಹಾಗೆನ್ನುವುದು ಆತ್ಮವಂಚನೆ. ಅಜಿಂಕ್ಯ ರಹಾನೆ ಇಲ್ಲಿಯದೇ ಹುಡುಗ. ಮ್ಯಾಟಿನ ಪಿಚ್ಚಿನಲ್ಲಿ ಆಟ ಕಲಿತವರು. ರಿಕ್ಷಾಕ್ಕೆ ದುಡ್ಡಿಲ್ಲದೆ ಅವರ ತಾಯಿ ಒಂದು ಕಂಕುಳಲ್ಲಿ ಚಿಕ್ಕ ಮಗ, ಇನ್ನೊಂದು ಹೆಗಲಿಗೆ ಕಿಟ್ ಬ್ಯಾಗ್ ಹೊತ್ತು ಮೈಲಿಗಟ್ಟಲೆ ನಡೆದದ್ದನ್ನು ರಹಾನೆಯೇ ಹೇಳಿಕೊಂಡಿದ್ದಾರೆ. ಮೆಲ್ಬರ್ನಿನಲ್ಲಿ ನಾಯಕನಾಗಿ ಶತಕ ಹೊಡೆದು ಟೆಸ್ಟ್ ಗೆಲ್ಲಿಸಿದವರು ಇಲ್ಲೇ ಉಳಿದಿದ್ದರೆ ಯಾರಿಗೆ ಕಾಣುತ್ತಿದ್ದರು? ಆಟಕ್ಕಾಗಿ ಲೋಕಲ್ ಗಾಡಿ ಹಿಡಿದು ಮುಂಬಯಿಯ ಸಿಎಸ್‌ಟಿಗೆ ಹೋಗಲೇಬೇಕಿತ್ತು. ಮೊದಲ ದಿನ ತಂದೆ ಜೊತೆಗೆ ಹೋದರಂತೆ. ಮರುದಿನ, ಇನ್ನು ಒಬ್ಬನೇ ಹೋಗು ಎಂದು ಹತ್ತಿಸಿ, ತಾವು ಅದೇ ಗಾಡಿಯ ಬೇರೊಂದು ಡಬ್ಬಾದಲ್ಲಿ ಮಗನಿಗೆ ತಿಳಿಯದಂತೆ ಹಿಂಬಾಲಿಸಿದರಂತೆ.

ಇದನ್ನು ಓದಿದಾಗ ನನಗೆ ಊರಿನ ಯಕ್ಷಗಾನದ ಚೌಕಿ ನೆನಪಾಯಿತು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಸಿಗುವುದು ಕೋಡಂಗಿ ವೇಷ, ಆಮೇಲೆ ಬಾಲಗೋಪಾಲ. ಪೂರ್ವರಂಗದ ಆ ಹೊತ್ತಿಗೆ ಜನ ಇನ್ನೂ ಬಂದಿರುವುದಿಲ್ಲ, ಬಂದವರು ಕಡಲೆ ಕೊಳ್ಳುತ್ತಿರುತ್ತಾರೆ. ಖಾಲಿ ಬಯಲಿನ ಮುಂದೆ ಹುಡುಗ ಹೆಜ್ಜೆ ತಪ್ಪುತ್ತಾನೆ, ಮತ್ತೆ ಹಿಡಿಯುತ್ತಾನೆ. ನೋಡುವವರು ಭಾಗವತರು ಒಬ್ಬರು, ಮದ್ದಳೆಯವರು ಇನ್ನೊಬ್ಬರು. ಅಂಥ ಎಷ್ಟೋ ರಾತ್ರಿಗಳಾದ ಮೇಲೆ ಒಂದು ದಿನ, “ಇವತ್ತು ನೀನು ಇಂಥ ವೇಷ ಮಾಡು” ಎಂಬ ಮಾತು ಬರುತ್ತದೆ. ತಪ್ಪನ್ನೂ ನೋಡಿ, ಅದು ತಿದ್ದಿಕೊಂಡದ್ದನ್ನೂ ನೋಡಿದ ಕಣ್ಣು ಅದು. ಮಡಚುವ ಕುರ್ಚಿಯವರಿಗೆ ಅಷ್ಟು ರಾತ್ರಿಗಳಿಲ್ಲ.

ನಾಲ್ಕನೆಯ ದಿನ ಮೇಲಿನ ಮನೆಯವರಿಗೆ ಇದನ್ನೆಲ್ಲ ಹೇಳಿದೆ. ಸೀಟಿನ ಆಸೆಯಿಂದಾದರೆ ಕಳಿಸಬೇಡಿ, ಆ ದುಡ್ಡಿನಲ್ಲಿ ಒಳ್ಳೆಯ ಶೂ ಕೊಡಿಸಿ, ಶಾಲಾ ಪಂದ್ಯ ತಪ್ಪಿಸಬೇಡಿ ಎಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಗಲ್ಲಾದವರ ತಾಳ್ಮೆ.

“ನೀವು ಹೇಳಿದ್ದು ಸರಿ. ನಾನು ಊರಿನಿಂದ ಬಂದಾಗ ನನಗೆ ಹದಿನಾಲ್ಕು. ಮೇಜು ಒರೆಸಿದೆ, ಗ್ಲಾಸು ತೊಳೆದೆ, ರಾತ್ರಿಶಾಲೆಗೆ ಹೋದೆ. ಧಣಿ ಗಲ್ಲಾದಲ್ಲಿ ಕೂತು ಮೂರು ವರ್ಷ ನನ್ನನ್ನೇ ನೋಡಿದ್ರು, ಆಮೇಲೆ ದುಡ್ಡು ಮುಟ್ಟಲಿಕ್ಕೆ ಬಿಟ್ರು. ಅವರಿಗೆ ನೋಡಲಿಕ್ಕೆ ಪುರುಸೊತ್ತಿತ್ತು. ಈಗ ಯಾರಿಗುಂಟು ಹೇಳಿ? ಎಂಟು ದಿನ ನೋಡಿದರೆ ಎಂಟೇ ದಿನ. ಮತ್ತೆ, ಅವಳು ಈ ಮೈದಾನ ಬಿಟ್ಟು ಬೇರೆ ಊರಿನ ಮಕ್ಕಳನ್ನು ಕಂಡವಳೇ ಅಲ್ಲ.”

ಕಳಿಸಿದರು. ನನ್ನ ಲೆಕ್ಕದಲ್ಲಿ ಈ ಕೊನೆಯ ಸಾಲು ಇರಲಿಲ್ಲ.

ಹುಡುಗಿ ಮೊಣಕೈ ಸುಲಿಸಿಕೊಂಡು, ಕಪ್ಪಾಗಿ, ಒಂದು ಪದಕ ಹಿಡಿದು ಬಂದಳು. ಪದಕ ಹೋದವರಿಗೆಲ್ಲ ಕೊಟ್ಟಿದ್ದರು. ಯಾವ ಕಾಲೇಜಿನವರು ಬಂದಿದ್ದರು ಎಂದು ಅವಳಪ್ಪ ಕೇಳಿದ್ದಕ್ಕೆ, “ಯಾರೋ ಇಬ್ಬರು ಛತ್ರಿ ಕೆಳಗೆ ಕೂತಿದ್ರು” ಎಂದಳಂತೆ. ನಮ್ಮ ಮನೆಗೆ ಬಂದು ಫೋನಿನಲ್ಲಿ ವಿಡಿಯೋ ತೋರಿಸಿದಳು. ನಲವತ್ತು ಸೆಕೆಂಡು, ಹಿಂದೆ ಡೋಲಿನ ಸಂಗೀತ, ನಾಲ್ಕು ವಿಕೆಟ್ಟು.

“ವೈಡ್ ಹಾಕಿದ್ದೆಲ್ಲ ತೆಗೆದುಬಿಟ್ಟಿದ್ದಾರೆ ಅಂಕಲ್,” ಎಂದಳು. ಏನೋ ಕಳೆದುಕೊಂಡವರ ದನಿಯಲ್ಲಿ. ಆಮೇಲೆ ನಮ್ಮ ಹಣ್ಣಿನ ಬುಟ್ಟಿಯಿಂದ ಒಂದು ಸೇಬು ತೆಗೆದು, ಎದುರಿನ ತಂಡದ ಹುಡುಗಿಯೊಬ್ಬಳು ಗೂಗ್ಲಿಗೆ ಮಣಿಕಟ್ಟನ್ನು ಹೇಗೆ ಇನ್ನೂ ಸ್ವಲ್ಪ ತಡವಾಗಿ ತಿರುಗಿಸುತ್ತಾಳೆ ಎಂದು ತೋರಿಸಿದಳು. ಹತ್ತು ಸಲ ತಿರುಗಿಸಿದಳು. ಛತ್ರಿಯ ಕೆಳಗಿನವರು ಯಾರನ್ನು ನೋಡಿದರೋ, ಇವಳಂತೂ ಆ ಹುಡುಗಿಯ ಮಣಿಕಟ್ಟನ್ನು ನೋಡಿಕೊಂಡು ಬಂದಿದ್ದಳು.

ಈಗ ಭಾನುವಾರ ಬೆಳಿಗ್ಗೆ ದಾದರಿಗೆ ಹೋಗುತ್ತಾಳೆ, ಶಿವಾಜಿ ಪಾರ್ಕಿಗೆ. ಅವಳು ಲೇಡೀಸ್ ಡಬ್ಬಾ ಹತ್ತುತ್ತಾಳೆ. ಅವಳಪ್ಪ ಪ್ಲಾಟ್‌ಫಾರ್ಮಿನಲ್ಲಿ ಕೈಬೀಸಿ ತಿರುಗಿ ನಡೆದವರು, ಗಾಡಿ ಹೊರಡುವ ಮೊದಲು ಪಕ್ಕದ ಜನರಲ್ ಡಬ್ಬಾಕ್ಕೆ ನುಗ್ಗುತ್ತಾರೆ. ಒಂದು ದಿನ ಅದೇ ಡಬ್ಬಾದಲ್ಲಿ ನನಗೆ ಸಿಕ್ಕಿಬಿದ್ದರು. ಠಾಣೆಯಲ್ಲಿ ಕತ್ತು ಹೊರಹಾಕಿ ನೋಡಿದರು. ಮಗಳು ಕಾಣಲಿಲ್ಲ, ಅವಳ ನೀಲಿ ಬ್ಯಾಗಿನ ಹಿಡಿಯಷ್ಟೇ ಬಾಗಿಲಲ್ಲಿ ಕಂಡಿತು.

“ಅವಳಿಗೆ ಗೊತ್ತಿಲ್ಲ,” ಎಂದರು. “ಹೇಳಬೇಡಿ.”

ಆ ಸಂಜೆ ಹುಡುಗಿ ಮೊಸರಿಗೆ ಹೆಪ್ಪು ಕೇಳಲು ಕೆಳಗೆ ಬಂದಳು. ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

“ಅಪ್ಪ ಪಕ್ಕದ ಡಬ್ಬಾದಲ್ಲಿ ಬರ್ತಾರೆ ಅಂಕಲ್. ನನಗೆ ಗೊತ್ತುಂಟು ಅಂತ ಅವರಿಗೆ ಹೇಳಬೇಡಿ.”